576 ಗೆರೆಗಳ ಕಾಲ

ಕಬಿನಿಯ ಬೀಚನಹಳ್ಳಿ ಅಣೆಕಟ್ಟೆಯ ಹಿಂದಿನ ಕಾಡನ್ನು ಕ್ಯಾಮೆರಾಗಳು ಬಹಳ ಹಿಂದಿನಿಂದಲೂ ಹುಡುಕಿಕೊಂಡು ಬಂದಿವೆ. ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು, ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದರು. ಅಷ್ಟು ಹೊತ್ತಿಗೆ ಕಾಡಾನೆ ಹಿಡಿಯುವ ಖೆಡ್ಡಾ ನಿಂತು ಆರು ವರ್ಷವಾಗಿತ್ತು, 1974ರ ಅಣೆಕಟ್ಟೆಯ ಹಿನ್ನೀರು ಹಳೆಯ ಕಾಕನಕೋಟೆಯ ನೆಲವನ್ನು ಮುಚ್ಚಿತ್ತು. ಈಚೆಗೆ, 2020ರಲ್ಲಿ, ಕಬಿನಿಯ ಕರಿಚಿರತೆಯ ಮೇಲೆ ನ್ಯಾಟ್ ಜಿಯೋ ವೈಲ್ಡ್ ವಾಹಿನಿಯೇ ಒಂದು ಸಾಕ್ಷ್ಯಚಿತ್ರ ತೋರಿಸಿತು. ಇವತ್ತು ಸಫಾರಿಗೆ ಬರುವವರ ಕೈಯಲ್ಲಿರುವ ಕ್ಯಾಮೆರಾಗಳು ಆ ಚಿರತೆಯ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಲ್ಲವು.

ಫಿಲಮ್ಮು, ಡಿಜಿಟಲ್ ಎಂಬ ಈ ಎರಡು ಕಾಲಗಳ ನಡುವೆ ಒಂದು ಪಟ್ಟಿ ಇದೆ. ಎಂಬತ್ತರ ದಶಕದ ನಡುಭಾಗದಿಂದ ಸುಮಾರು 2010ರವರೆಗಿನದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಮದುವೆ, ಜಾತ್ರೆ, ಪೌರಾಣಿಕ ನಾಟಕ, ಹೊಗೆಸೊಪ್ಪಿನ ರೈತರ ಸಭೆ, ಕಾಡಿನಿಂದ ಹೊರಬಂದ ಹಾಡಿಗಳ ಜನರ ಧರಣಿ ಎಲ್ಲವೂ ಆ ಕಾಲದಲ್ಲಿ ಚಲಿಸುವ ಚಿತ್ರವಾಗಿ ಉಳಿದಿದ್ದರೆ ಉಳಿದಿರುವುದು ವಿಡಿಯೋ ಕ್ಯಾಸೆಟ್ಟಿನಲ್ಲಿ. ವಿಚಿತ್ರವೆಂದರೆ, ಹಿಂದಿನ ಫಿಲಮ್ಮಿಗಿಂತಲೂ ಮುಂದೆ ಬಂದ ಡಿಜಿಟಲ್‌ಗಿಂತಲೂ ಈ ನಡುವಿನ ಪಟ್ಟಿಯೇ ಹೆಚ್ಚು ಮಸುಕು. ಆ ಮಸುಕನ್ನು ನಾವು ಹೇಗೆ ನಡೆಸಿಕೊಳ್ಳಬೇಕು ಎಂಬುದು ನನ್ನ ಮಟ್ಟಿಗೆ ಗಂಭೀರವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು, ಅದೇ ಬಗೆಯ ಟೇಪಿನಲ್ಲಿ ತೆಗೆದ ಕಥಾಚಿತ್ರಗಳು ಈಗ ಬ್ಲೂ-ರೇ ಡಿಸ್ಕಿನಲ್ಲಿ ಹೇಗೆ ಬರುತ್ತಿವೆ ಎಂದು ನೋಡುವುದು ಒಳ್ಳೆಯ ದಾರಿ.

ಮೊದಲು ಕನ್ನಡದ್ದೇ ಒಂದು ಜೋಡಿಯನ್ನು ನೋಡೋಣ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ಕಪ್ಪು-ಬಿಳುಪು ಫಿಲಮ್ಮು, ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದರ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ 4ಕೆ ಪ್ರತಿ ಮಾಡಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಅದೇ ಕಾಸರವಳ್ಳಿಯವರು ಕಾಲು ಶತಮಾನದ ನಂತರ ಭೈರಪ್ಪನವರ ‘ಗೃಹಭಂಗ’ವನ್ನು ಟಿವಿ ಧಾರಾವಾಹಿ ಮಾಡಿದರು. ಆಗ ನಮ್ಮ ಟಿವಿಯ ಅಳತೆ 576 ಗೆರೆ. ಧಾರಾವಾಹಿಗಳನ್ನು ಚಿತ್ರೀಕರಿಸುತ್ತಿದ್ದದ್ದೂ ಅದೇ ಅಳತೆಗೆ. ಹೀಗಾಗಿ ಒಬ್ಬನೇ ನಿರ್ದೇಶಕನ ಹಳೆಯ ಕೃತಿ ಹೊಸದಕ್ಕಿಂತ ಎಷ್ಟೋ ಪಾಲು ನಿಚ್ಚಳ. ಫಿಲಮ್ಮಿನ ಬೆಳ್ಳಿಯ ಹರಳುಗಳಲ್ಲಿ ಆ ಕಾಲದ ಪರದೆ ತೋರಿಸಿದ್ದಕ್ಕಿಂತ ಹೆಚ್ಚಿನ ವಿವರ ಅಡಗಿತ್ತು. ಒಳ್ಳೆಯ ಸ್ಕ್ಯಾನರ್ ಬಂದಾಗ ಅದು ಹೊರಬಿತ್ತು. ವಿಡಿಯೋದಲ್ಲಿ ಹಾಗೆ ಅಡಗಿದ್ದು ಏನೂ ಇಲ್ಲ. ಕ್ಯಾಮೆರಾ ಅಂದು ಎಷ್ಟು ಬರೆದುಕೊಂಡಿತೋ ಅಷ್ಟೇ.

ಆ ‘ಅಷ್ಟೇ’ ಎಷ್ಟು? ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಒಟ್ಟು 4,14,720. ಎಚ್‌ಡಿ ಎಂದರೆ 1920 ಮತ್ತು 1080, ಒಟ್ಟು 20,73,600. ಸರಿಯಾಗಿ ಐದು ಪಟ್ಟು. ಇವತ್ತಿನ 4ಕೆ ಟಿವಿಯಲ್ಲಿ ಇಪ್ಪತ್ತು ಪಟ್ಟು. ಅಂದರೆ ಹಳೆಯ ಟೇಪಿನ ಚಿತ್ರವನ್ನು ಇಂದಿನ ಟಿವಿಯ ತುಂಬ ತೋರಿಸುವಾಗ ತೆರೆಯ ಮೇಲಿನ ಇಪ್ಪತ್ತು ಚುಕ್ಕಿಗಳಲ್ಲಿ ಹತ್ತೊಂಬತ್ತನ್ನು ಯಾವುದೋ ಯಂತ್ರ ಊಹೆಯಿಂದ ತುಂಬುತ್ತದೆ. ಜೊತೆಗೆ, ಆ ಕಾಲದ ಕ್ಯಾಮೆರಾ ಒಂದು ಪೂರ್ತಿ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಹಿಡಿಯುತ್ತಿರಲಿಲ್ಲ. ಒಂದು ಬಿಟ್ಟು ಒಂದು ಗೆರೆಯಂತೆ ಮೊದಲು ಅರ್ಧ, ಸೆಕೆಂಡಿನ ಐವತ್ತನೆಯ ಒಂದು ಭಾಗವಾದ ಮೇಲೆ ಇನ್ನರ್ಧ. ಕೈ ಬೀಸಿದರೆ ಆ ಎರಡು ಅರ್ಧಗಳಲ್ಲಿ ಕೈ ಎರಡು ಕಡೆ ಇರುತ್ತದೆ. ಹಳೆಯ ಡಬ್ಬಾ ಟಿವಿಯಲ್ಲಿ ಇದು ಕಾಣುತ್ತಿರಲಿಲ್ಲ. ಈಗಿನ ಚಪ್ಪಟೆ ಟಿವಿಯಲ್ಲಿ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಒಡೆದು ಕಾಣುತ್ತದೆ.

ಇಂಥ ಕ್ಯಾಮೆರಾ ಹಿಡಿದು ದೊಡ್ಡ ನಿರ್ದೇಶಕರು ದೊಡ್ಡ ಸಿನಿಮಾ ಮಾಡಿದರು. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ 1998ರ ‘ಫೆಸ್ಟೆನ್’ ಚಿತ್ರವನ್ನು ಅಂಗೈಯಲ್ಲಿ ಹಿಡಿಯುವ ಸೋನಿ ಕ್ಯಾಮೆರಾದಲ್ಲಿ ತೆಗೆದರು. ಮನೆ ಯಜಮಾನನ ಅರವತ್ತನೆಯ ಹುಟ್ಟುಹಬ್ಬದ ಊಟದ ಮೇಜಿನಲ್ಲಿ ಮಗ ಎದ್ದು ನಿಂತು ಅಪ್ಪನ ಪಾಪವನ್ನು ಎಲ್ಲರೆದುರು ಹೇಳುವ ಚಿತ್ರ ಅದು. ಅಲ್ಲಿ ಕ್ಯಾಮೆರಾ ನೆಂಟರಲ್ಲೊಬ್ಬರಂತೆ ಊಟದ ಮನೆಯೊಳಗೆ ಓಡಾಡುತ್ತದೆ. ದೊಡ್ಡ ಫಿಲಮ್ ಕ್ಯಾಮೆರಾ, ಅದರ ದೀಪ, ಅದರ ಹತ್ತು ಜನ ಸಹಾಯಕರು ಆ ಕೋಣೆಗೆ ಬಂದಿದ್ದರೆ ಆ ಉಸಿರುಗಟ್ಟುವ ಸಂಕಟ ಉಳಿಯುತ್ತಿರಲಿಲ್ಲ. ಅಗ್ನೆಸ್ ವಾರ್ದಾ 2000ದಲ್ಲಿ ‘ದಿ ಗ್ಲೀನರ್ಸ್ ಅಂಡ್ ಐ’ ತೆಗೆದದ್ದು ಇಂಥದೇ ಪುಟ್ಟ ಕ್ಯಾಮೆರಾದಲ್ಲಿ. ಕೊಯ್ಲಾದ ಹೊಲದಲ್ಲಿ ಬಿಟ್ಟುಹೋದ ಆಲೂಗಡ್ಡೆ ಆಯುವವರನ್ನು ಚಿತ್ರಿಸುತ್ತ ಆಕೆ, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಮುಪ್ಪಾಗುತ್ತಿರುವ ತನ್ನದೇ ಇನ್ನೊಂದು ಕೈಯನ್ನು ಚಿತ್ರಿಸಿಕೊಳ್ಳುತ್ತಾರೆ. ಇರಾನಿನ ಅಬ್ಬಾಸ್ ಕಿಯರೊಸ್ತಾಮಿ 2002ರ ‘ಟೆನ್’ ಚಿತ್ರಕ್ಕೆ ಕಾರಿನ ಮುಂಭಾಗದಲ್ಲಿ ಎರಡು ಕ್ಯಾಮೆರಾ ಕೂರಿಸಿದರು. ನಟರು ತಂತ್ರಜ್ಞರ ಕಣ್ಣಿನಿಂದ ದೂರವಾಗಿ ತಮ್ಮ ಪಾಡಿಗೆ ಮಾತಾಡಿದರು. ಅದೇ ವರ್ಷ ಡ್ಯಾನಿ ಬಾಯ್ಲ್ ‘28 ಡೇಸ್ ಲೇಟರ್’ ಚಿತ್ರಕ್ಕಾಗಿ ಕ್ಯಾನನ್ ಕ್ಯಾಮೆರಾಗಳನ್ನು ಹಿಡಿದು ನಸುಕಿನಲ್ಲಿ ಲಂಡನ್ನಿನ ಬೀದಿಗಿಳಿದರು. ಸಣ್ಣ ಕ್ಯಾಮೆರಾಗಳನ್ನು ಬೇಗ ಹೂಡಿ ಬೇಗ ತೆಗೆಯಬಹುದಾದ್ದರಿಂದಲೇ, ಕೆಲವೇ ನಿಮಿಷ ವಾಹನ ತಡೆದು ಖಾಲಿ ನಗರ ತೋರಿಸಲು ಅವರಿಗೆ ಸಾಧ್ಯವಾಯಿತು.

ಹಾಗಾಗಿ ಈ ಚಿತ್ರಗಳ ಮಸುಕನ್ನು ಬಡತನ ಎಂದು ನಾನು ಒಪ್ಪುವುದಿಲ್ಲ. ಆ ಮಸುಕು ಬಂದದ್ದು ಒಂದು ಸ್ವಾತಂತ್ರ್ಯದ ಜೊತೆಗೆ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಈ ಚಿತ್ರಗಳೆಲ್ಲ ಒಂದೊಂದಾಗಿ ಬ್ಲೂ-ರೇ ಡಿಸ್ಕಿಗೆ ಬಂದಿವೆ. ಅವು ಬಂದಾಗಲೆಲ್ಲ ಏಳುವ ಆಕ್ಷೇಪ ಒಂದೇ. ಮೂಲದಲ್ಲಿ ಎಚ್‌ಡಿ ಇಲ್ಲದ್ದನ್ನು ಎಚ್‌ಡಿ ಡಿಸ್ಕಿನಲ್ಲಿ ಮಾರುವುದು ಗಿರಾಕಿಗೆ ಮಾಡುವ ಮೋಸವಲ್ಲವೇ? ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಣ ಕೊಡುವವನಿಗೆ ಡಬ್ಬಿಯ ಮೇಲೆ ನಿಜ ತಿಳಿಯಬೇಕು. ಆದರೆ ಆಕ್ಷೇಪದ ಬುಡದಲ್ಲಿ ಒಂದು ತಪ್ಪು ಎಣಿಕೆ ಇದೆ. ಡಿಸ್ಕಿನ ಹೆಚ್ಚುಗಾರಿಕೆ ಗೆರೆಗಳ ಸಂಖ್ಯೆಯಲ್ಲಿ ಮಾತ್ರ ಇದೆ ಎಂದು ಅದು ನಂಬುತ್ತದೆ.

ಲೆಕ್ಕ ಹಾಕಿ ನೋಡಿ. ಇಂಥ ಪುಟ್ಟ ಕ್ಯಾಮೆರಾಗಳ ಮಿನಿ ಡಿವಿ ಟೇಪು ಒಂದು ಗಂಟೆಗೆ ಸುಮಾರು 13 ಜಿಬಿಯಷ್ಟು ಮಾಹಿತಿ ಬರೆಯುತ್ತದೆ. ಒಂದೂವರೆ ಗಂಟೆಯ ಚಿತ್ರವಾದರೆ 19-20 ಜಿಬಿ. ಡಿವಿಡಿಯ ಅತಿ ಹೆಚ್ಚಿನ ಸಾಮಾನ್ಯ ಅಳತೆ 8.5 ಜಿಬಿ. ಅದರೊಳಗೆ ತುರುಕಬೇಕಾದರೆ ಮೂಲವನ್ನು ಅರ್ಧಕ್ಕಿಂತಲೂ ಕಡಿಮೆ ಗಾತ್ರಕ್ಕೆ ಹಿಂಡಬೇಕು. ಹಿಂಡಿದಾಗ ಮೊದಲು ಹೋಗುವುದು ಕತ್ತಲು ಕೋಣೆಯ ಮೂಲೆಗಳು, ಎಲೆಗಳ ಅಲುಗಾಟ, ನೀರಿನ ಮೇಲ್ಮೈ, ಟೇಪಿನದೇ ಆದ ಸಣ್ಣ ಗುಜುಗುಜು. ಅಲ್ಲೆಲ್ಲ ಚೌಕ ಚೌಕವಾದ ಕಲೆ ಬೀಳುತ್ತದೆ. ಬ್ಲೂ-ರೇ ಒಂದು ಪದರದಲ್ಲಿ 25 ಜಿಬಿ, ಎರಡು ಪದರದಲ್ಲಿ 50 ಜಿಬಿ ಹಿಡಿಸುತ್ತದೆ. ಟೇಪಿನಲ್ಲಿದ್ದದ್ದನ್ನು ಒಂದು ಕಣವೂ ಕಳೆಯದೆ ಕಡತವಾಗಿಯೇ ಇಟ್ಟರೂ ಜಾಗ ಮಿಕ್ಕುತ್ತದೆ. ಆದ್ದರಿಂದ 576 ಗೆರೆಯ ಚಿತ್ರಕ್ಕೆ ಬ್ಲೂ-ರೇ ಬೇಡ ಎನ್ನುವುದು ತಲೆಕೆಳಗಾದ ವಾದ. ಡಿವಿಡಿಯಲ್ಲಿ ನಾವು ಇಷ್ಟು ವರ್ಷ ನೋಡಿದ್ದು ಆ ಚಿತ್ರಗಳ ಹಿಂಡಿದ ರೂಪ. ಅವುಗಳಿಗೆ ಸಾಕಷ್ಟು ಜಾಗ ಸಿಕ್ಕಿದ್ದು ಈ ಡಿಸ್ಕಿನಲ್ಲೇ. ಈ ಡಿಸ್ಕಿನ ನಿಯಮಾವಳಿಯೂ 576 ಗೆರೆಯ ಚಿತ್ರವನ್ನು ಹಿಗ್ಗಿಸದೆ ಹಾಗೇ ಇಡಲು ಅವಕಾಶ ಕೊಡುತ್ತದೆ.

ನಮ್ಮಲ್ಲಿ ಸ್ಥಿತಿ ಡಿವಿಡಿಗಿಂತಲೂ ಕೆಳಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡ ಚಿತ್ರಗಳು ಮನೆಮನೆಗೆ ಹೋದದ್ದು ವಿಸಿಡಿಯಲ್ಲಿ. ಸಂತೆಯಲ್ಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಎರಡು ಸಿ.ಡಿ.ಗೆ ಒಂದು ಸಿನಿಮಾ. ಅದರ ಅಳತೆ 352ಕ್ಕೆ 288, ಅಂದರೆ ಟೇಪಿನ ಕಾಲು ಭಾಗಕ್ಕಿಂತಲೂ ಕಡಿಮೆ. ಮದುವೆಯ ಕ್ಯಾಸೆಟ್ಟನ್ನು ಸಿ.ಡಿ. ಮಾಡಿಸಿಕೊಂಡು, ಜಾಗ ತಿನ್ನುತ್ತದೆ ಎಂದು ಕ್ಯಾಸೆಟ್ಟನ್ನು ಎಸೆದ ಮನೆಗಳು ಹುಣಸೂರು, ಹೆಗ್ಗಡದೇವನಕೋಟೆ ಕಡೆ ಎಷ್ಟೋ ಇವೆ. ಅವರಿಗೆ ಯಾರೂ ಹೇಳಲಿಲ್ಲ, ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ಎಸೆಯುತ್ತಿದ್ದೀರಿ ಎಂದು.

ಹಾಗೆಂದು ದೊಡ್ಡ ಡಿಸ್ಕಿಗೆ ಹೋದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ. ಬಾಚಣಿಗೆಯ ಹಲ್ಲನ್ನು ಸರಿಪಡಿಸಲು ಕೆಟ್ಟ ದಾರಿಯೂ ಇದೆ: ಅರ್ಧ ಗೆರೆಗಳನ್ನು ಬಿಸಾಡಿ ಉಳಿದರ್ಧವನ್ನು ಎಳೆದು ಹಿಗ್ಗಿಸುವುದು. ಆಗ 576 ಹೋಗಿ 288 ಉಳಿಯುತ್ತದೆ. ಸೆಕೆಂಡಿಗೆ ಐವತ್ತು ಸಲ ಹಿಡಿದ ಚಲನೆ ಇಪ್ಪತ್ತೈದಕ್ಕೆ ಇಳಿದು ಓಟ ಕುಂಟುತ್ತದೆ. ಹಳೆಯ ಟಿವಿಯ ಆಕಾರದ ಚಿತ್ರವನ್ನು ಹೊಸ ಟಿವಿಯ ಅಗಲಕ್ಕೆ ಎಳೆಯುವುದು ಇನ್ನೊಂದು ಚಾಳಿ. ನಮ್ಮ ಹಳೆಯ ಹಾಡುಗಳಲ್ಲಿ ನಾಯಕಿಯರೆಲ್ಲ ಗುಂಡಗೆ, ಕುಳ್ಳಗೆ ಕಾಣುವುದು ಇದರಿಂದ. ಎಳೆಯದೆ ಮೇಲೂ ಕೆಳಗೂ ಕತ್ತರಿಸುವವರೂ ಇದ್ದಾರೆ. ಕುಣಿಯುವವರ ಪಾದ ಹೋಗುತ್ತದೆ, ಪೌರಾಣಿಕ ನಾಟಕದ ಕಿರೀಟ ಹೋಗುತ್ತದೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬಿಟ್ಟು ಚಿತ್ರವನ್ನು ಅದರ ಆಕಾರದಲ್ಲೇ ತೋರಿಸಲು ನಮಗೇಕೆ ಇಷ್ಟು ಸಂಕೋಚವೋ ತಿಳಿಯದು.

ನನ್ನನ್ನು ಹೆಚ್ಚು ಕಾಡುವುದು ಈಗ ಬಂದಿರುವ ಬೇರೊಂದು ದಾರಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಹಳೆಯ ಚಿತ್ರ ಕೊಟ್ಟರೆ ಅದು ಹಿಗ್ಗಿಸುವುದರ ಜೊತೆಗೆ ವಿವರವನ್ನೂ ತುಂಬಿಕೊಡುತ್ತದೆ. ಕೋಟಿಗಟ್ಟಲೆ ಬೇರೆ ಚಿತ್ರಗಳನ್ನು ನೋಡಿ ಕಲಿತ ಯಂತ್ರ, ಇಲ್ಲಿ ಕಣ್ಣಿದೆ ಎಂದರೆ ರೆಪ್ಪೆ ಹೀಗಿರಬೇಕು, ಇಲ್ಲಿ ಕೆನ್ನೆ ಎಂದರೆ ಚರ್ಮ ಹೀಗಿರಬೇಕು ಎಂದು ಬರೆಯುತ್ತದೆ. ಇದನ್ನು ತುಂಬ ಎಚ್ಚರದಿಂದ ಬಳಸಿದ ಉದಾಹರಣೆಯೂ ಇದೆ. ಡೇವಿಡ್ ಲಿಂಚ್ 2006ರ ‘ಇನ್‌ಲ್ಯಾಂಡ್ ಎಂಪೈರ್’ ಚಿತ್ರವನ್ನು ಸೋನಿಯ ಪಿಡಿ-150 ಕ್ಯಾಮೆರಾದಲ್ಲಿ ತೆಗೆದಿದ್ದರು. ನಮ್ಮಲ್ಲಿಯೂ ಆ ಕ್ಯಾಮೆರಾ ಎಷ್ಟೋ ಜನರ ಅನ್ನವಾಗಿತ್ತು. ಆ ಚಿತ್ರ ಮೊದಲೇ ಒಮ್ಮೆ ಎಚ್‌ಡಿಗೆ ಹಿಗ್ಗಿತ್ತು. 2022ರ ಮರುಬಿಡುಗಡೆಗೆ, ಮರುವರ್ಷದ ಬ್ಲೂ-ರೇಗೆ ಸಿದ್ಧಗೊಳಿಸುವಾಗ ಮೊದಲು ಆ ಎಚ್‌ಡಿ ಪ್ರತಿಯನ್ನು ಹಳೆಯ ಅಳತೆಗೇ ಇಳಿಸಿದರು. ಹಿಂದಿನ ಹಿಗ್ಗಿಸುವಿಕೆಯಲ್ಲಿ ನುಸುಳಿದ್ದ ಸುಳ್ಳು ವಿವರವನ್ನು ತೊಡೆದುಹಾಕುವುದು ಉದ್ದೇಶ. ಆಮೇಲೆಯೇ ಹೊಸ ತಂತ್ರಾಂಶದಿಂದ 4ಕೆಗೆ ಏರಿಸಿದ್ದು. ಲಿಂಚ್ ಆಗ ಬದುಕಿದ್ದರು, ಕೆಲಸ ಅವರ ಕಣ್ಣೆದುರು ನಡೆಯಿತು. ಅದು ಕಥಾಚಿತ್ರ, ಒಬ್ಬ ಕಲಾವಿದನ ಕನಸು. ಆ ಕನಸಿನ ಬಣ್ಣ ಯಾವುದಿರಬೇಕೆಂದು ಹೇಳುವ ಹಕ್ಕು ಅವರದು.

ಆ ಹಕ್ಕು ಬೇರೆಯವರಿಗೆ ತಾನಾಗಿ ದಾಟುವುದಿಲ್ಲ. ಇತಿಹಾಸದ ಸಾಕ್ಷಿಯಾಗಿರುವ ಚಿತ್ರದಲ್ಲಂತೂ ಅದು ಯಾರಿಗೂ ಇಲ್ಲ. 2000ದ ಆಸುಪಾಸಿನಲ್ಲಿ ಅಂತರಸಂತೆ ಕಡೆಯ ಒಂದು ಹಾಡಿಯಲ್ಲಿ ಯಾರೋ ತೆಗೆದ ಟೇಪು ಸಿಕ್ಕಿತು ಎಂದುಕೊಳ್ಳಿ. ಜೇನುಕುರುಬರ ಅಜ್ಜಿಯೊಬ್ಬಳು ಕಾಡಿನೊಳಗಿದ್ದ ತನ್ನ ಊರಿನ ಬಗ್ಗೆ ಮಾತಾಡುತ್ತಿದ್ದಾಳೆ. ಕ್ಯಾಮೆರಾ ದೂರದಲ್ಲಿದೆ, ಅವಳ ಮುಖ ನಲವತ್ತು ಐವತ್ತು ಗೆರೆಯಷ್ಟೇ ಎತ್ತರ. ಅದನ್ನು ಯಂತ್ರಕ್ಕೆ ಕೊಟ್ಟರೆ ತೀಡಿದ ಹುಬ್ಬು, ಹೊಳೆಯುವ ಕಣ್ಣು, ನಯವಾದ ತೊಗಲಿನ ಒಬ್ಬ ಮುದುಕಿ ಹೊರಬರುತ್ತಾಳೆ. ಆ ಹುಬ್ಬು ಎಲ್ಲಿಯದು? ಯಂತ್ರ ಕಲಿತದ್ದು ಯಾರ ಮುಖಗಳಿಂದಲೋ. ಕಬಿನಿಯ ಹಾಡಿಯ ಮುದುಕಿಯರ ಮುಖಗಳು ಅದರ ಪಾಠದಲ್ಲಿ ಎಷ್ಟಿದ್ದೀತು? ಅವಳ ಹಣೆಯ ನಿಜವಾದ ಗೆರೆ ಟೇಪಿನಲ್ಲಿ ಇರಲಿಲ್ಲ, ಹೌದು. ಅದರ ಬದಲಿಗೆ ಬೇರೆಯವರ ಹಣೆಯ ಗೆರೆಯನ್ನು ತಂದು ಅಂಟಿಸಿ, ಇವಳೇ ಅವಳು ಎಂದು ಮೊಮ್ಮಕ್ಕಳಿಗೆ ತೋರಿಸುವುದು ತಪ್ಪು. ನೆಲ ಬಿಟ್ಟು ಬಂದವರ ಮುಖವನ್ನೂ ಬದಲಿಸಿದಂತೆ ಅದು. ಮಸುಕಾದ ಮುಖ ಕನಿಷ್ಠ ಅವಳದೇ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಇವತ್ತಿನ ಹುಡುಗರು ಮಸುಕು ನೋಡುವುದಿಲ್ಲ, ನಿಚ್ಚಳ ಮಾಡಿಕೊಟ್ಟರಾದರೂ ನೋಡಲಿ ಎಂದು. ಡಾ. ರಾಜ್‌ಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದಾಗಲೂ ಇದೇ ಮಾತು ಇತ್ತು. ಜನ ಬಂದರು, ನೋಡಿದರು, ಸಂತೋಷಪಟ್ಟರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಣ್ಣ ತುಂಬಿದ ಪ್ರತಿಯನ್ನು ಕಂಡವರಿಗೆ ಮೂಲ ಕಪ್ಪು-ಬಿಳುಪು ಎಂಬುದು ತಿಳಿದೇ ಇತ್ತು, ಪ್ರಚಾರವೇ ಆ ಮಾತಿನ ಮೇಲೆ ನಡೆದಿತ್ತು. ಯಂತ್ರ ತುಂಬಿದ ಹುಬ್ಬು, ರೆಪ್ಪೆಗಳು ಹಾಗೆ ಹೇಳಿಕೊಂಡು ಬರುವುದಿಲ್ಲ. ಯೂಟ್ಯೂಬಿನಲ್ಲಿ ‘4ಕೆ’ ಎಂಬ ಪಟ್ಟಿ ಹಚ್ಚಿಕೊಂಡ ಹಳೆಯ ಕನ್ನಡ ಹಾಡು ನೆಗೆಟಿವ್‌ನಿಂದ ಬಂದಿದೆಯೋ, ಟಿವಿಗಾಗಿ ಮಾಡಿದ ಟೇಪಿನಿಂದ ಹಿಗ್ಗಿದ್ದೋ ನೋಡುವವನಿಗೆ ತಿಳಿಯುವುದಿಲ್ಲ. ಈ ಅಜ್ಞಾನದಿಂದ ನಿಜವಾದ ನಷ್ಟವಿದೆ: ‘4ಕೆ’ ಆಗಿಯೇ ಇದೆಯಲ್ಲ ಎಂದುಕೊಂಡು ನೆಗೆಟಿವ್ ಹುಡುಕುವುದನ್ನೇ ಎಲ್ಲರೂ ಬಿಡುತ್ತಾರೆ.

ಒಂದು ವಿಷಯದಲ್ಲಿ ಯೂಟ್ಯೂಬಿಗೆ ಹಾಕುವವರ ಪರವಾಗಿ ಹೇಳಲೇಬೇಕು. 576 ಗೆರೆಯ ಕಡತವನ್ನು ಹಾಗೇ ಏರಿಸಿದರೆ ಅಂತರ್ಜಾಲದ ವೇದಿಕೆಗಳು ಅದಕ್ಕೆ ತೀರ ಕಡಿಮೆ ಮಾಹಿತಿ ಕೊಟ್ಟು ಹಿಂಡಿಬಿಡುತ್ತವೆ. ಬಾಚಣಿಗೆ ಹಲ್ಲನ್ನು ಸರಿಯಾಗಿ ತೆಗೆದು, ಎಚ್‌ಡಿ ಅಳತೆಗೆ ಸುಮ್ಮನೆ ಹಿಗ್ಗಿಸಿ ಏರಿಸಿದರೆ ಚಿತ್ರ ಎಷ್ಟೋ ಚೆನ್ನಾಗಿ ಉಳಿಯುತ್ತದೆ. ಇದರಲ್ಲಿ ಮೋಸವಿಲ್ಲ. ಇಂಥ ಹಿಗ್ಗುವಿಕೆ ಪಕ್ಕಪಕ್ಕದ ಚುಕ್ಕಿಗಳ ನಡುವಿನ ಬಣ್ಣವನ್ನು ಲೆಕ್ಕ ಹಾಕುತ್ತದೆ, ಯಾರ ಮುಖವನ್ನೂ ಕಲ್ಪಿಸಿಕೊಳ್ಳುವುದಿಲ್ಲ. ಒಳ್ಳೆಯ ಬ್ಲೂ-ರೇ ಡಿಸ್ಕುಗಳೂ ಹೆಚ್ಚಾಗಿ ಮಾಡುವುದು ಇಷ್ಟೇ. ಅಮೆರಿಕದ ‘ಹೂಪ್ ಡ್ರೀಮ್ಸ್’ 1994ರ ಸಾಕ್ಷ್ಯಚಿತ್ರ. ಷಿಕಾಗೋದ ಇಬ್ಬರು ಕಪ್ಪು ಹುಡುಗರ ಬ್ಯಾಸ್ಕೆಟ್‌ಬಾಲ್ ಬದುಕನ್ನು ವರ್ಷಗಟ್ಟಲೆ ಬೀಟಾಕ್ಯಾಮ್ ಟೇಪಿನಲ್ಲಿ ಹಿಂಬಾಲಿಸಿದ ಚಿತ್ರ. ದೊಡ್ಡ ಸಂಸ್ಥೆಗಳು ಕೂಡಿ 2014ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದವು, ಮರುವರ್ಷ ಬ್ಲೂ-ರೇ ಬಂತು. ಅದು ಟೇಪಿನ ಚಿತ್ರ ಎಂಬುದು ಈಗಲೂ ನೋಡಿದೊಡನೆ ತಿಳಿಯುತ್ತದೆ. ಅದರಿಂದ ಆ ಚಿತ್ರದ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಕನ್ನಡಕ್ಕೆ ಬ್ಲೂ-ರೇ ಮಾರುಕಟ್ಟೆಯೇ ಇಲ್ಲವಲ್ಲ ಎಂದು ಕೇಳಬಹುದು. ಅಂಗಡಿಯ ಡಿಸ್ಕು ಬರದಿದ್ದರೂ ನಡೆಯುತ್ತದೆ. ಆ ಡಿಸ್ಕುಗಳ ಹಿಂದಿರುವ ಶಿಸ್ತು ಬರಬೇಕು: ಟೇಪಿನವರೆಗೆ ಹಿಂದಕ್ಕೆ ಹೋಗುವುದು, ಇದ್ದದ್ದನ್ನು ಪೂರ್ತಿ ಇಳಿಸಿಕೊಳ್ಳುವುದು, ಏನು ಮಾಡಿದೆವೆಂದು ಬರೆದಿಡುವುದು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ದಂಥ ಧಾರಾವಾಹಿ 1998ರಲ್ಲಿ ಊರೂರಿನ ಸಂಜೆಯನ್ನು ಹಿಡಿದು ಕೂರಿಸಿತ್ತು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣದ ಮೊದಲ ವರ್ಷಗಳ ಚಲಿಸುವ ದೃಶ್ಯ ಎಲ್ಲಿಯಾದರೂ ಸಿಕ್ಕರೆ ಅದೂ ಬಹುಮಟ್ಟಿಗೆ ಟೇಪಿನಲ್ಲೇ ಸಿಗಬೇಕು. ಈ ತಲೆಮಾರಿನ ಕೆಲಸಕ್ಕೆ 576 ಗೆರೆಗಿಂತ ಒಳ್ಳೆಯ ಮೂಲ ಎಂದಿಗೂ ಹುಟ್ಟುವುದಿಲ್ಲ. ಇರುವುದೊಂದೇ ಮೂಲ, ಅದೂ ಸವೆಯುತ್ತಿದೆ. ಮೈಸೂರು ಸೀಮೆಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಲೇಪ ಸಡಿಲವಾಗುತ್ತದೆ.

ಯಂತ್ರಗಳ ಆಯಸ್ಸು ಟೇಪಿಗಿಂತಲೂ ಕಡಿಮೆ. ಬೀಟಾಕ್ಯಾಮ್ ಕ್ಯಾಸೆಟ್ಟಿನ ಮಾರಾಟವನ್ನು ಸೋನಿ 2016ರಲ್ಲಿ ನಿಲ್ಲಿಸಿತು. ಅದೇ ವರ್ಷ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ಮುಚ್ಚಿತು. ಮಿನಿ ಡಿವಿ ಕ್ಯಾಸೆಟ್ಟನ್ನೂ ಮನೆಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕನ್ನೂ ಸೋನಿ 2025ರ ಫೆಬ್ರವರಿಯಲ್ಲಿ ಒಟ್ಟಿಗೇ ಕೈಬಿಟ್ಟಿತು. ಮಿನಿ ಡಿವಿಯಿಂದ ಕಂಪ್ಯೂಟರಿಗೆ ಮೂಲವನ್ನು ಹಾಗೇ ಇಳಿಸಲು ಬೇಕಾದ ಫೈರ್‌ವೈರ್ ಕಿಂಡಿ ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಹಳೆಯ ಕ್ಯಾಮೆರಾ, ಹಳೆಯ ಕಂಪ್ಯೂಟರು, ಸರಿಯಾದ ಕೇಬಲ್ಲು ಈ ಮೂರೂ ಒಂದೇ ಕಡೆ ಇರುವ ಜಾಗ ಇನ್ನೂ ಎಲ್ಲಿಯಾದರೂ ಇದ್ದರೆ ಅದು ಇಪ್ಪತ್ತು ಮೂವತ್ತು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿರುವ ತಾಲ್ಲೂಕು ಕೇಂದ್ರಗಳ ಸ್ಟುಡಿಯೋಗಳಲ್ಲಿ. ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣಗಳ ಆ ಸ್ಟುಡಿಯೋದವರ ಬೀರುವಿನಲ್ಲಿ ಗಿರಾಕಿಗಳು ಕೇಳದೆ ಬಿಟ್ಟ ಟೇಪುಗಳೂ ಇರಬಹುದು. ಅವರನ್ನು ಹಳೆಯ ಕಸುಬಿನವರೆಂದು ಕಡೆಗಣಿಸುವ ಬದಲು ಈ ಕೆಲಸದ ಮೊದಲ ಪಾಲುದಾರರಾಗಿ ಕರೆಯಬೇಕು, ಸಂಬಳ ಕೊಟ್ಟು ಕರೆಯಬೇಕು. ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು, ಬುಡಕಟ್ಟು ಸಂಶೋಧನೆಯ ಸಂಸ್ಥೆಗಳು ಇದಕ್ಕೆ ಹಣ ತೆಗೆದಿಟ್ಟರೆ ಅದು ಒಂದು ಸಾಧಾರಣ ಸಿನಿಮಾದ ಬಜೆಟ್ಟಿಗೂ ಸಮವಾಗಲಾರದು.

ಇಳಿಸಿಕೊಂಡ ಮೇಲೆ ಮೂಲ ಕಡತವನ್ನು ಬಾಚಣಿಗೆ ಹಲ್ಲಿನ ಸಮೇತ, ಬೂಷ್ಟಿನ ಕಲೆಯ ಸಮೇತ, ಹಾಗೇ ಎರಡು ಮೂರು ಊರುಗಳಲ್ಲಿ ಇಡಬೇಕು. ನೋಡಲು ಬೇರೆ ಪ್ರತಿ ಮಾಡಬಹುದು: ಅದರಲ್ಲಿ ಹಲ್ಲು ತೆಗೆಯಲಿ, ಬಣ್ಣ ಸರಿಪಡಿಸಲಿ, ಎಚ್‌ಡಿಗೆ ಹಿಗ್ಗಿಸಲಿ. ಯಾರಾದರೂ ಯಂತ್ರದಿಂದ ವಿವರ ತುಂಬಿಸುವುದಾದರೆ ಅದು ಮೂರನೆಯ ಪ್ರತಿಯಾಗಲಿ, ಚಿತ್ರದ ಶುರುವಿಗೇ ತೆರೆಯ ಮೇಲೆ ಕನ್ನಡದಲ್ಲಿ ಹಾಗೆಂದು ಬರೆಯಲಿ. ಹಾಡಿಯ ಜನರ ಚಿತ್ರವಾದರೆ, ಈ ಮೂರನೆಯದಕ್ಕೆ ಕೈಹಾಕುವ ಮೊದಲು ಆ ಹಾಡಿಗೆ ಹೋಗಿ ಕೇಳಬೇಕು. ಬೇಡ ಎಂದರೆ ಬಿಡಬೇಕು.